ಊರಿಗೆ ಊರೇ ಹೈಸ್ಕೂಲಿಗೆ ನುಗ್ಗಿದ ದಿನ

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ಊರಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಪಾಸಾದವರ ಮನೆಯಲ್ಲಿ ಪೇಡ ಹಂಚ್ತಾರೆ. ಫೇಲಾದವರ ಮನೆಯಲ್ಲಿ ಹಗಲಲ್ಲೇ ಬಾಗಿಲು ಹಾಕ್ಕೊಳ್ತಾರೆ. ಮಿಕ್ಕವರು ಹೋಟ್ಲು ಮುಂದೆ ಕೂತು ಮೇಷ್ಟ್ರುಗಳನ್ನ ಬೈತಾರೆ.

ಸವಳಂಗದ ಕಡೆ ಹುಣಸೆಕೊಪ್ಪ ಅಂತ ಒಂದು ಸಣ್ಣ ಊರು. ಅಲ್ಲೂ ಹಂಗೇ ಆಯ್ತು. ಊರಿನ ಸರ್ಕಾರಿ ಹೈಸ್ಕೂಲಲ್ಲಿ ಇರೋ ಮಕ್ಕಳೇ ಕಡಿಮೆ. ಆ ಇರೋ ಮಕ್ಕಳಲ್ಲೂ ಅರ್ಧಕ್ಕರ್ಧ ವಿಜ್ಞಾನದಲ್ಲಿ ಮುಗ್ಗರಿಸಿದ್ದರು. ಕೆಂಪಕ್ಕನ ಮಗಳು ರಕ್ಷಾ ಮಿಕ್ಕ ಎಲ್ಲ ವಿಷಯದಲ್ಲೂ ಪಾಸು, ವಿಜ್ಞಾನ ಒಂದರಲ್ಲಿ ಫೇಲು. ಅವಳು ಕೋಣೆ ಬಿಟ್ಟು ಹೊರಗೇ ಬರಲಿಲ್ಲ. ಕೆಂಪಕ್ಕ ಮಾತ್ರ ಬೀದಿಯಲ್ಲಿ ನಿಂತು, "ಓದಿದ್ದು ಸಾಕು. ಈ ಸಲ ಅಡಿಕೆ ಸುಲಿಯಾಕೆ ಕಳಿಸ್ತೀನಿ" ಅಂತ ಎಲ್ಲರಿಗೂ ಕೇಳೋ ಹಂಗೆ ಹೇಳಿದಳು.

ಬೋರಣ್ಣನ ಹೋಟ್ಲು ಮುಂದೆ ಅವತ್ತು ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವನು ಮೂಕಪ್ಪ. ಆ ಹೆಸರಿಟ್ಟ ಹಿರಿಯರಿಗೆ ಮುಂದೆ ಹಿಂಗಾಗುತ್ತೆ ಅಂತ ಗೊತ್ತಿರಲಿಲ್ಲ, ಪಾಪ. ಅವನಿಗೆ ಒಂದಿಷ್ಟು ಹೊಲ, ಜೊತೆಗೆ ಮೆಕ್ಕೆಜೋಳ ಒಕ್ಕೋ ಮಷಿನ್ನು. ಸುಗ್ಗಿಯಲ್ಲಿ ಮಷಿನ್ನಿನ ಸದ್ದು ನಿಂತರೂ ಅವನ ಸದ್ದು ನಿಲ್ಲೋದಿಲ್ಲ ಅಂತ ಜನ ನಗುತ್ತಿದ್ದರು.

"ನೋಡು ಬೋರಣ್ಣ, ಆ ಸ್ಕೂಲಲ್ಲಿ ಏನೂ ಇಲ್ಲ. ನಾಕು ಗೋಡೆ, ಒಂದು ಗಂಟೆ, ಅಷ್ಟೇ. ನನ್ನ ಮಗಳು ಈಗ ಒಂಬತ್ತಕ್ಕೆ ಬಂದವ್ಳೆ. ಟಿಸಿ ಇಸ್ಕೊಂಡು ಹೊನ್ನಾಳಿ ಕಡೆ ಯಾವುದಾದ್ರೂ ಕಾನ್ವೆಂಟಿಗೆ ಹಾಕ್ತೀನಿ."

"ಇಷ್ಟು ದಿನ ಕನ್ನಡದಾಗೆ ಓದಿದ ಮಗು. ಏಕಾಏಕಿ ಎಲ್ಲ ಇಂಗ್ಲಿಷ್ ಆದ್ರೆ ಹೆಂಗೋ?" ಅಂದ ಬೋರಣ್ಣ.

"ಕೇಳ್ತಾ ಕೇಳ್ತಾ ಬರ್ತೈತೆ ಬಿಡು. ನಾನು ಟೀವಿ ನೋಡ್ತಾ ನೋಡ್ತಾ ಹಿಂದಿ ಕಲೀಲಿಲ್ವಾ?"

"ಎಲ್ಲಿ, ಒಂದು ಮಾತು ಹಿಂದಿ ಆಡು ನೋಡಾನ."

ಮೂಕಪ್ಪ ಚಾ ಕುಡಿಯೋದರಲ್ಲಿ ಮಗ್ನನಾದ.

ಮನೆಯಲ್ಲಿ ಮಗಳು ಸುಚಿತ್ರಾ ಮುಖ ಸಣ್ಣದು ಮಾಡಿಕೊಂಡಳು. "ಅಪ್ಪಾಜಿ, ನನಗೆ ಬಸ್ಸಲ್ಲಿ ವಾಂತಿ ಬರ್ತೈತೆ. ದಿನಾ ಅಷ್ಟು ದೂರ ಹೆಂಗೆ ಹೋಗ್ಲಿ?"

"ಇಂಗ್ಲಿಷ್ ಬಂದ್ರೆ ವಾಂತಿ ನಿಂತೋಗ್ತೈತೆ."

ಹೆಂಡತಿ ಚೌಡಮ್ಮ ರೊಟ್ಟಿ ತಟ್ಟೋದನ್ನ ನಿಲ್ಲಿಸಿದಳು. "ರೀ, ಆ ಸ್ಕೂಲಲ್ಲಿ ಏನೂ ಇಲ್ಲ ಅಂತೀರಲ್ಲ, ನೀವು ಯಾವತ್ತು ಒಳಗೆ ಹೋಗಿ ನೋಡಿದ್ರಿ?"

"ಯಾಕೆ, ಬಾವುಟ ಹಾರಿಸೋ ದಿನ ಹೋಗಿದ್ನಲ್ಲ."

"ಗೇಟಲ್ಲಿ ನಿಂತು ಲಾಡು ಇಸ್ಕೊಂಡು ಬಂದ್ರಿ. ಒಳಗೆ ಎಲ್ಲಿ ಹೋದ್ರಿ?"

"ನಾಳೆ ಹೋಗ್ತೀನಿ. ಟಿಸಿ ಇಸ್ಕೊಳಾಕೆ ಒಳಗೇ ಹೋಗಬೇಕಲ್ಲ."

ಮಾರನೇ ದಿನ ಮೂಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೈಸ್ಕೂಲಿಗೆ ಹೋದ. ಸೊಂಟ ನೋವಿದ್ದ ಕಾರಣ ಒಂದು ಕೈ ಹಿಂದಕ್ಕೆ ಇಟ್ಟುಕೊಂಡು, ಸಾಹೇಬನ ಹಂಗೆ ನಡೆದ. ಅವತ್ತು ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಊರಲ್ಲಿ ಬೇರೆ ಯಾರಿಗೂ ನೆನಪಿರಲಿಲ್ಲ. ಜಗಲಿಯಲ್ಲಿ ಸಾಲಾಗಿ ಕುರ್ಚಿ ಹಾಕಿದ್ದರು. ಎಲ್ಲ ಖಾಲಿ. ಮೇಷ್ಟ್ರುಗಳು ಗೇಟಿನ ಕಡೆ ಕಣ್ಣಿಟ್ಟು ಕೂತಿದ್ದರು.

ಮೂಕಪ್ಪ ಗೇಟು ದಾಟಿದ್ದೇ ತಡ, ಎಲ್ಲರೂ ಎದ್ದು ನಿಂತರು.

"ಬರ್ರಿ, ಬರ್ರಿ! ಮುಂದೆ ಕೂತ್ಕೊಳ್ರಿ!" ಅಂತ ಹೆಡ್ ಮಾಸ್ಟರ್ ಮರುಳಸಿದ್ದಪ್ಪನವರು ಅವನ ಕೈ ಹಿಡಿದು ಮುಂದಿನ ಕುರ್ಚಿಗೆ ಕೂರಿಸಿದರು. ಒಬ್ಬರು ಚಾ ಕೊಟ್ಟರು. ಒಬ್ಬರು ಬಿಸ್ಕತ್ತು ಕೊಟ್ಟರು. ಹೆಡ್ ಮಾಸ್ಟರು ಕನ್ನಡಕ ಸರಿ ಮಾಡಿಕೊಂಡು ಭಾಷಣ ಶುರು ಮಾಡಿಯೇ ಬಿಟ್ಟರು.

"ಈ ಸಭೆಗೆ ದೊಡ್ಡ ಸಂಖ್ಯೆಯಲ್ಲಿ ಆಗಮಿಸಿರುವ ಎಲ್ಲಾ ಪೋಷಕ ಬಂಧುಗಳಿಗೆ..."

ಮೂಕಪ್ಪ ಹಿಂದೆ ತಿರುಗಿ ನೋಡಿದ. ಒಂದು ನಾಯಿ ಮಲಗಿತ್ತು.

"ಸಾರ್, ನಾನು ಸಭೆಗೆ ಬಂದೋನಲ್ಲ. ಟಿಸಿಗೆ ಬಂದೋನು."

ಹೆಡ್ ಮಾಸ್ಟರ ದನಿ ಅಲ್ಲೇ ನಿಂತಿತು. ಚಾ ಕೊಟ್ಟವರು ಲೋಟದ ಕಡೆ ನೋಡಿದರು. ಅದು ಆಗಲೇ ಖಾಲಿಯಾಗಿತ್ತು.

ವಿಜ್ಞಾನದ ಟೀಚರ್ ಸಂಧ್ಯಾರಾಣಿ ಹೋದ ತಿಂಗಳಷ್ಟೇ ಜಗಳೂರು ಕಡೆಯಿಂದ ವರ್ಗವಾಗಿ ಬಂದಿದ್ದರು. ಅವರು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತರು. "ಸುಚಿತ್ರಾ ಅಪ್ಪ ಅಲ್ವಾ ನೀವು? ಚೆನ್ನಾಗಿ ಓದೋ ಹುಡುಗಿ. ಯಾಕೆ ಬಿಡಿಸ್ತೀರಿ?"

"ಇಲ್ಲಿ ಏನೈತೆ ಮೇಡಂ? ಆ ಕಾನ್ವೆಂಟಲ್ಲಿ ಲ್ಯಾಬಂತೆ, ಲೈಬ್ರರಿಯಂತೆ. ಫೋಟೋ ಹಾಕವ್ರೆ, ಬೋರ್ಡು ನೋಡ್ದೆ."

"ಇಲ್ಲೂ ಲ್ಯಾಬ್ ಐತೆ ಕಣ್ರೀ."

"ಎಲ್ಲಿ?"

ಸಂಧ್ಯಾರಾಣಿ ಮೂಲೆ ಕೋಣೆ ಕಡೆ ಕೈ ತೋರಿಸಿದರು. ಬಾಗಿಲಿಗೆ ದೊಡ್ಡ ಬೀಗ. ಬೀಗದ ಮೇಲೆ ಜೇಡ ಮನೆ ಮಾಡಿತ್ತು. "ಬಂದ ದಿನದಿಂದ ಸಾರ್ ಹತ್ರ ಕೀ ಕೇಳ್ತಾ ಇದೀನಿ," ಅಂತ ಹೇಳಿ ಹೆಡ್ ಮಾಸ್ಟರ ಕಡೆ ನೋಡಿದರು.

ಮರುಳಸಿದ್ದಪ್ಪನವರು ಕೆಟ್ಟವರಲ್ಲ. ಒಂದು ದಿನವೂ ತಡವಾಗಿ ಬಂದವರಲ್ಲ. ಅವರಿಗಿದ್ದ ಭಯ ಒಂದೇ, ಆಡಿಟ್ಟು. ಹಿಂದೆ ಇದ್ದ ಶಾಲೆಯಲ್ಲಿ ಯಾವುದೋ ಗಾಜಿನ ಲೋಟ ಒಡೆದು, ಅದಕ್ಕೆ ಉತ್ತರ ಬರೆದು ಬರೆದು ಅವರಿಗೆ ಸಾಕಾಗಿತ್ತು. ಅವತ್ತಿಂದ ಶಾಲೆಗೆ ಏನು ಬಂದರೂ ಕೋಣೆಗೆ ಹಾಕಿ ಬೀಗ ಜಡಿಯುತ್ತಿದ್ದರು.

"ಸರ್ಕಾರಿ ಸಾಮಾನು ಮೇಡಂ. ಮಕ್ಕಳು ಮುಟ್ಟಿದ್ರೆ ಹಾಳಾಗ್ತೈತೆ. ನೋಡಿ, ಇಷ್ಟು ವರ್ಷ ಆದ್ರೂ ಒಂದೂ ಹಾಳಾಗಿಲ್ಲ," ಅಂದರು ಹೆಮ್ಮೆಯಿಂದ.

"ಅದನ್ನೇ ಇವರಿಗೂ ತೋರಿಸ್ರಿ ಸಾರ್. ಟಿಸಿ ಕೊಡೋ ಮುಂಚೆ ಒಂದ್ಸಲ ನೋಡ್ಲಿ."

ಒಂದು ಮಗು ಕೈ ತಪ್ಪಿ ಹೋಗುತ್ತೆ ಅನ್ನೋ ಸಂಕಟಕ್ಕೆ ಹೆಡ್ ಮಾಸ್ಟರು ಕೀ ತೆಗೆದರು. ಬೀಗ ತೆರೆಯಿತು. ಬಾಗಿಲು ಮಾತ್ರ ಅಲ್ಲಾಡಲಿಲ್ಲ.

"ಸರೀರಿ ಸಾರ್, ಇದು ಮೇಷ್ಟ್ರ ಕೆಲಸ ಅಲ್ಲ," ಅಂತ ಮೂಕಪ್ಪ ಮುಂದೆ ಬಂದು, ಸೊಂಟ ನೋವಿದ್ದರೂ ಭುಜ ಕೊಟ್ಟು ಗುದ್ದಿದ.

ಬಾಗಿಲು ತೆರೆದುಕೊಂಡಿತು. ಒಳಗೆ ಕತ್ತಲು. ಬಾಗಿಲ ಹಿಂದೆ ಒರಗಿಸಿ ನಿಲ್ಲಿಸಿದ್ದ ಏನೋ ಒಂದು ಗಲಗಲ ಅಂತ ವಾಲಿ ಬಂತು. ಎರಡು ಉದ್ದ ಕೈ ಮೂಕಪ್ಪನ ಹೆಗಲ ಮೇಲೆ ಬಿದ್ದವು. ಒಂದು ತಲೆಬುರುಡೆ ಅವನ ಕೆನ್ನೆಗೆ ಕೆನ್ನೆ ತಾಗಿಸಿತು.

ಮೂಕಪ್ಪನ ಬಾಯಿಂದ ಮೊದಲು ಮಾತೇ ಹೊರಡಲಿಲ್ಲ. ಆಮೇಲೆ ಹೊರಟ ಕೂಗು ಬಸ್ ಸ್ಟಾಪಿನವರೆಗೂ ಕೇಳಿತು. ಸೊಂಟ ನೋವು ಮರೆತು ಅವನು ಗೇಟು ಹಾರಿ ಓಡಿದ. ಗೇಟು ತೆರೆದೇ ಇತ್ತು.

"ಅದು ಪ್ಲಾಸ್ಟಿಕ್ಕು! ಪ್ಲಾಸ್ಟಿಕ್ ಕಣ್ರೀ!" ಅಂತ ಸಂಧ್ಯಾರಾಣಿ ಹಿಂದಿನಿಂದ ಕೂಗಿದರು. ಕೇಳೋರು ಯಾರು?

ಬೋರಣ್ಣನ ಹೋಟ್ಲು ಮುಂದೆ ಬಂದು ಮೂಕಪ್ಪ ಕುಸಿದು ಕೂತ. "ಹೆಣ... ಸ್ಕೂಲಲ್ಲಿ ಹೆಣ ಐತೆ... ನನ್ನ ತಬ್ಕೊಂತು!"

ಅಷ್ಟು ಸಾಕಾಯಿತು. ಹೋಟ್ಲಿಂದ ಹೊರಟಾಗ ಇದ್ದದ್ದು ಒಂದು ಹೆಣ. ಹಾಲಿನ ಡೈರಿ ಹತ್ತಿರ ಬರೋ ಹೊತ್ತಿಗೆ ಎರಡಾಯಿತು. ನಲ್ಲಿ ಹತ್ತಿರ ನೀರು ಹಿಡಿಯುತ್ತಿದ್ದವರಿಗೆ ತಲುಪುವಾಗ, ಅದು ಹಿಂದೆ ಇದ್ದ ಒಬ್ಬ ಗಣಿತದ ಮೇಷ್ಟ್ರದೇ ಅಂತ ಹೆಸರೂ ಗೊತ್ತಾಗಿತ್ತು. ಆ ಮೇಷ್ಟ್ರು ಚನ್ನಗಿರಿಯಲ್ಲಿ ಮನೆ ಕಟ್ಟಿಕೊಂಡು ಸುಖವಾಗಿದ್ದರು.

ಪೋಷಕರ ಸಭೆಗೆ ಒಬ್ಬರೂ ಬಾರದ ಊರು, ಹೆಣ ನೋಡಾಕೆ ಇಡಿಯಾಗಿ ಹೊರಟಿತು. ಕೆಂಪಕ್ಕ ಬಂದಳು. ಅಮ್ಮನ ಹಿಂದೆ ರಕ್ಷಾ, ರಿಸಲ್ಟ್ ಬಂದ ಮೇಲೆ ಮೊದಲ ಸಲ ಬೀದಿಗಿಳಿದಳು. ಯಾರೋ ನಿಂಬೆಹಣ್ಣು ತಂದರು. ಚೌಡಮ್ಮ ಲಟ್ಟಣಿಗೆ ಹಿಡಿದೇ ಬಂದಳು, ಜೊತೆಗೆ ಸುಚಿತ್ರಾ. ಮಹಿಳಾ ಸಂಘ ನಡೆಸೋ ಸರ್ವಮಂಗಳಮ್ಮ ಸಂಘದ ಹೆಂಗಸರನ್ನೆಲ್ಲ ಕರೆದುಕೊಂಡು ಬಂದರು. ಅವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಹೌದು. ಸಮಿತಿ ಸಭೆಗೆ ಯಾರೂ ಸೇರದೆ ಅದನ್ನ ಅವರೂ ಮರೆತಿದ್ದರು.

ಗೇಟಲ್ಲಿ ಅಷ್ಟು ಜನ ನೋಡಿ ಹೆಡ್ ಮಾಸ್ಟರು ಗೋಡೆ ಹಿಡಿದುಕೊಂಡರು. ಸಂಧ್ಯಾರಾಣಿ ಮಾತ್ರ ಖುಷಿಯಾಗಿ ಅಸ್ಥಿಪಂಜರದ ಗೊಂಬೆಯನ್ನ ಜಗಲಿಗೆ ತಂದು ನಿಲ್ಲಿಸಿದರು.

"ಬರ್ರಿ, ಎಲ್ಲರೂ ಹತ್ರ ಬರ್ರಿ. ಇದು ಹೆಣ ಅಲ್ಲ. ಮಕ್ಕಳಿಗೆ ಪಾಠ ಮಾಡಾಕೆ ಕೊಟ್ಟಿರೋ ಗೊಂಬೆ. ಕುರ್ಚಿ ಹಾಕಿದೀವಿ, ಕೂತ್ಕೊಳ್ರಿ."

ಜನಕ್ಕೆ ಸ್ವಲ್ಪ ಬೇಜಾರಾಯಿತು. ಆದರೆ ಬಂದದ್ದು ಬಂದಾಗಿತ್ತು. ಕೂತರು. ಮೂಕಪ್ಪ ಎಲ್ಲರ ಹಿಂದೆ, ಗೇಟಿಗೆ ಹತ್ತಿರವಾಗಿ ಕೂತ.

"ಸುಚಿತ್ರಾ, ಬಾಮ್ಮ. ಬೆನ್ನುಮೂಳೆ ಬಗ್ಗೆ ಹೇಳು," ಅಂದರು ಟೀಚರ್.

ಸುಚಿತ್ರಾ ಬಂದಳು. ಮೊದಲು ಮುಟ್ಟಲು ಹಿಂದುಮುಂದು ನೋಡಿದಳು. ಆಮೇಲೆ ಮೆಲ್ಲಗೆ ಬೆರಳಿಟ್ಟಳು. "ಇದು ಒಂದೇ ಮೂಳೆ ಅಲ್ಲ. ಸಣ್ಣ ಸಣ್ಣ ಮೂಳೆ ಒಂದರ ಮೇಲೆ ಒಂದು ಜೋಡಿಸಿದಂಗೆ ಐತೆ. ನಡುವೆ ಮೆತ್ತೆ ಇರ್ತೈತೆ. ಅಪ್ಪಾಜಿ, ನೀವು ಸೊಂಟ ಬಗ್ಗಿಸಿ ಜೋಳದ ಚೀಲ ಎತ್ತುತೀರಲ್ಲ, ಆಗ ಭಾರ ಎಲ್ಲ ಇಲ್ಲಿ, ಈ ಕೆಳಗಿನ ಮೂಳೆ ಮೇಲೆ ಬೀಳ್ತೈತೆ. ಮಂಡಿ ಮಡಚಿ ಎತ್ತಬೇಕು."

"ನನಗೆ ಗಾಳಿ ಸೋಕೈತೆ ಅಂತ ತಾಯತ ಕಟ್ಟಿದ್ರಲ್ಲ?" ಅಂದ ಮೂಕಪ್ಪ ಹಿಂದಿನಿಂದ.

"ತಾಯತನೂ ಸೊಂಟಕ್ಕೆ ಕಟ್ಕೊಂಡು ಚೀಲನೂ ಹಂಗೇ ಎತ್ತಿದ್ರೆ ಹೆಂಗ್ರೀ?" ಅಂದಳು ಚೌಡಮ್ಮ. ಜನ ನಕ್ಕರು. ಮೂಕಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಮಗಳನ್ನೇ ನೋಡುತ್ತಿದ್ದ. ಇಷ್ಟು ಜನರ ಮುಂದೆ ಅವಳು ಮಾತಾಡಿದ್ದನ್ನ ಅವನು ಯಾವತ್ತೂ ಕೇಳಿರಲಿಲ್ಲ.

"ಇದೆಲ್ಲ ಎಲ್ಲಿ ಕಲಿತೆ ಮಗಳೇ?"

"ಪುಸ್ತಕದಾಗೆ ಚಿತ್ರ ಐತೆ ಅಪ್ಪಾಜಿ. ಮುಟ್ಟಿ ನೋಡಿದ್ದು ಇವತ್ತೇ."

ಆಮೇಲೆ ಒಂದೊಂದೇ ಸಾಮಾನು ಹೊರಗೆ ಬಂತು. ಗ್ಲೋಬಿಗೆ ಹಾಕಿದ ಪ್ಲಾಸ್ಟಿಕ್ ಕವರನ್ನೇ ತೆಗೆದಿರಲಿಲ್ಲ. ಕಥೆ ಪುಸ್ತಕಗಳು ಹೊಸ ವಾಸನೆ ಹಂಗೇ ಉಳಿಸಿಕೊಂಡಿದ್ದವು. ಮೈಕ್ರೋಸ್ಕೋಪು ಡಬ್ಬದಲ್ಲೇ ಇತ್ತು. ಸಂಧ್ಯಾರಾಣಿ ಕೆರೆ ನೀರಿನ ಒಂದು ಹನಿ ಅದರ ಕೆಳಗೆ ಇಟ್ಟರು. ಕೆಂಪಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ತಕ್ಷಣ ಹಿಂದಕ್ಕೆ ಹಾರಿದಳು.

"ಅಯ್ಯಯ್ಯೋ, ಒಳಗೆ ಓಡಾಡ್ತಾವಲ್ರೀ! ನಲ್ಲಿ ಬರದ ದಿನ ನಾವು ಇದನ್ನೇ ಕುಡಿಯೋದಾ?"

"ಕಾಯಿಸಿ ಆರಿಸಿ ಕುಡೀರಿ ಅಂತ ಆಶಾ ಕಾರ್ಯಕರ್ತೆ ಎಷ್ಟು ಸಲ ಹೇಳಿಲ್ಲ?" ಅಂದರು ಸರ್ವಮಂಗಳಮ್ಮ. ಹಂಗೆ ಹೇಳಿ ತಾವೂ ಒಂದ್ಸಲ ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡರು.

ಕೊನೆಗೆ ಬ್ಯಾಟರಿ, ವೈರು, ಸಣ್ಣ ಬಲ್ಬುಗಳು ಬಂದವು. ಸಂಧ್ಯಾರಾಣಿ ಎರಡು ಬಲ್ಬು ಒಂದರ ಹಿಂದೆ ಒಂದು ಜೋಡಿಸಿದರು. ಎರಡೂ ಉರಿದವು. ಒಂದನ್ನ ಬಿಚ್ಚಿದರು. ಇನ್ನೊಂದೂ ಆರಿತು.

"ನಮ್ಮ ದೀಪಾವಳಿ ಸೀರಿಯಲ್ ಸೆಟ್ಟು!" ಅಂದ ಬೋರಣ್ಣ.

"ಇದು ಸರಣಿ ಜೋಡಣೆ. ಈಗ ಹಿಂಗೆ ಜೋಡಿಸ್ತೀನಿ, ಇದು ಸಮಾಂತರ ಜೋಡಣೆ. ಒಂದು ಬಿಚ್ಚಿದ್ರೂ ಇನ್ನೊಂದು ಉರೀತೈತೆ. ನಿಮ್ಮ ಮನೆ ಲೈಟು ಹಂಗೆ."

ಜನರ ಸಂದಿಯಿಂದ ರಕ್ಷಾ ಮುಂದೆ ಬಂದಳು. ಯಾರನ್ನೂ ನೋಡಲಿಲ್ಲ. ವೈರು ಕೈಗೆ ತಗೊಂಡು ಒಂದು ಬಲ್ಬು ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು.

"ಪರೀಕ್ಷೇಲಿ ಇದನ್ನೇ ಕೇಳಿದ್ರು ಟೀಚರ್," ಅಂದಳು. "ನಾನು ಬಾಯಿಪಾಠ ಮಾಡಿದ್ದೆ. ಅಲ್ಲಿ ಕೂತಾಗ ಯಾವುದು ಯಾವುದು ಅಂತ ಗೊತ್ತಾಗ್ಲಿಲ್ಲ. ಇಷ್ಟೇನಾ ಇದು?"

ಅವಳ ಕಣ್ಣು ತುಂಬಿತು. ಕೆಂಪಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. ಹೆಡ್ ಮಾಸ್ಟರು ನೆಲ ನೋಡುತ್ತಾ ನಿಂತರು.

ಎದ್ದವನು ಮೂಕಪ್ಪ. ಈ ಸಲ ದನಿ ಏರಿಸಲಿಲ್ಲ. "ಸಾರ್, ತಪ್ಪು ತಿಳ್ಕೋಬ್ಯಾಡ್ರಿ. ನನ್ನ ಹತ್ರ ಒಂದು ಮಷಿನ್ ಐತೆ. ತಂದ ಮೇಲೆ ಎಷ್ಟೋ ಸಲ ಅದರ ಬೆಲ್ಟು ಹರಿದೈತೆ, ಬೇರಿಂಗು ಹೋಗೈತೆ, ಬಣ್ಣ ಎಲ್ಲ ಕಿತ್ತೋಗೈತೆ. ಆದ್ರೆ ಊರಿನ ಜೋಳ ಎಲ್ಲ ಒಕ್ಕೈತೆ. ಸವೀತೈತೆ ಅಂತ ಅದಕ್ಕೆ ಕವರ್ ಹಾಕಿ ಬೀಗ ಹಾಕಿದ್ರೆ ಜನ ನನಗೆ ಏನಂತಿದ್ರು?"

"ಒಡೆದ್ರೆ ನಾನು ಉತ್ತರ ಕೊಡಬೇಕಲ್ಲಪ್ಪ," ಅಂದರು ಹೆಡ್ ಮಾಸ್ಟರು. ದನಿ ಸಣ್ಣದಾಗಿತ್ತು. "ಆವಾಗ ನನ್ನ ಜೊತೆ ಯಾರು ನಿಲ್ತಾರೆ? ಒಂದು ಸಭೆಗೂ ಯಾರೂ ಬರಲ್ಲ."

ಅವರು ಹೇಳಿದ್ದು ನಿಜವೇ ಆಗಿತ್ತು.

ಸರ್ವಮಂಗಳಮ್ಮ ಎದ್ದರು. "ಸಾರ್, ಅಧ್ಯಕ್ಷೆ ಅಂತ ನನ್ನ ಹೆಸರು ಐತೆ. ಕೆಲಸ ನಾನು ಮಾಡಿಲ್ಲ. ಇವತ್ತು ಹೆಂಗೂ ಜನ ಸೇರವ್ರೆ. ಇಲ್ಲೇ ಸಮಿತಿ ಸಭೆ ಮಾಡಾನ. ಪಾಠ ಮಾಡುವಾಗ ಏನಾದ್ರೂ ಒಡೆದ್ರೆ ಅದಕ್ಕೆ ಸಮಿತಿ ಒಪ್ಪಿಗೆ ಐತೆ ಅಂತ ಬರೀರಿ. ಯಾರು ಬಂದು ಕೇಳಿದ್ರೂ ನಾವು ಬಂದು ನಿಮ್ಮ ಪಕ್ಕ ನಿಲ್ತೀವಿ. ಏನಂತೀರ್ರೀ ಎಲ್ಲರೂ?"

"ಹೌದು, ಹೌದು!" ಅಂದರು ಎಲ್ಲರೂ. ಕೆಂಪಕ್ಕನ ದನಿ ಎಲ್ಲರಿಗಿಂತ ಮೇಲೆ ಕೇಳಿತು.

ಮರುಳಸಿದ್ದಪ್ಪನವರು ಕೀ ತೆಗೆದು ಸಂಧ್ಯಾರಾಣಿ ಕೈಗೆ ಕೊಟ್ಟರು. ಒಂದು ಕ್ಷಣ ಬಿಟ್ಟು ಮತ್ತೆ ಇಸಿದುಕೊಂಡರು. ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಕೊಟ್ಟೇಬಿಟ್ಟರು. ಮೊದಲ ವಾರದಲ್ಲೇ ಒಂದು ಗಾಜಿನ ಲೋಟ ಒಡೆಯಿತು. ಒಡೆದವರು ಅವರೇ. ಆಕಾಶ ಬೀಳಲಿಲ್ಲ.

"ಮೂಕಪ್ಪನೋರೇ, ಟಿಸಿ ವಿಷಯ..." ಅಂತ ಸಭೆಯ ದಿನ ಸಂಜೆಯೇ ಹೆಡ್ ಮಾಸ್ಟರು ಕೇಳಿದ್ದರು.

"ಯಾವ ಟಿಸಿ ಸಾರ್? ನಾನು ಸಭೆಗೆ ಬಂದಿದ್ದೆ," ಅಂದ ಮೂಕಪ್ಪ.

ಇದಾದ ಮೇಲೆ ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಅಂತ ತಿಳಿಯಬೇಡಿ. ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಸರ್ವಮಂಗಳಮ್ಮ, ಮೂಕಪ್ಪ, ಇನ್ನೂ ಕೆಲವರು ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟರು. ಮತ್ತೆ ಹೋದರು. ಮೂಕಪ್ಪನ ಮಾತು ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಅವನು ಶುರು ಮಾಡಿದರೆ ಮುಗಿಸೋದಿಲ್ಲ ಅಂತ ಅಲ್ಲಿನವರಿಗೂ ಅರ್ಥವಾಗಿರಬೇಕು. ಅತಿಥಿ ಶಿಕ್ಷಕರೊಬ್ಬರು ಬಂದರು. ಕಥೆ ಪುಸ್ತಕ ಮಕ್ಕಳ ಜೊತೆ ಮನೆಗೆ ಹೋಗಿ, ಅಲ್ಲಲ್ಲಿ ಸಾರಿನ ಕಲೆ ಮಾಡಿಕೊಂಡು ವಾಪಸ್ ಬರತೊಡಗಿತು. ಸಂಜೆ ಮಕ್ಕಳು ಓದೋ ಹೊತ್ತಿಗೆ ಟೀವಿ ಆಫ್ ಮಾಡ್ತೀವಿ ಅಂತ ಸಂಘದ ಹೆಂಗಸರು ಮಾತಾಡಿಕೊಂಡರು. ಗಂಡಸರು ಗೊಣಗಿದರು. ಆಮೇಲೆ ಅಭ್ಯಾಸವಾಯಿತು.

ಕೆಂಪಕ್ಕ ಮಗಳನ್ನ ಅಡಿಕೆ ಸುಲಿಯಾಕೆ ಕಳಿಸಲಿಲ್ಲ. ರಕ್ಷಾ ಸಂಧ್ಯಾರಾಣಿ ಟೀಚರ ಹತ್ತಿರ ಬಂದು ಕೂತು ಕಲಿತಳು. ವಿಜ್ಞಾನ ಒಂದನ್ನೇ ಮತ್ತೆ ಬರೆದಳು. ಪಾಸಾದಳು. ಬಹಳ ದೊಡ್ಡ ನಂಬರೇನೂ ಅಲ್ಲ. ಆದರೆ ಈಗ ಅವಳು ನ್ಯಾಮತಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಕೆಂಪಕ್ಕನ ಮನೆಯಲ್ಲಿ ಲೈಟ್ ಕೆಟ್ಟಾಗ ಯಾವ ವೈರು ಬಿಟ್ಟಿದೆ ಅಂತ ಅವಳೇ ತೋರಿಸಿಕೊಟ್ಟಳು. ಕೆಂಪಕ್ಕ ಅದನ್ನ ಬೀದಿಯಲ್ಲಿ ನಿಂತು ಎಲ್ಲರಿಗೂ ಹೇಳಿದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಒಂದು ಹೈಸ್ಕೂಲು ಇರಬಹುದು. ನಂಬರ್ ಬರಲಿಲ್ಲ ಅಂತ ಮಕ್ಕಳನ್ನ ಬೈಯೋ ಮುಂಚೆ, ಶಾಲೆ ಬಿಡಿಸೋ ಮುಂಚೆ, ಒಂದ್ಸಲ ಅದರ ಒಳಗೆ ಹೋಗಿ ಬನ್ನಿ. ಲ್ಯಾಬ್ ತೋರಿಸ್ರಿ ಅಂತ ಕೇಳಿ. ಪುಸ್ತಕ ಮಕ್ಕಳ ಕೈಗೆ ಕೊಡ್ರಿ ಅಂತ ಕೇಳಿ. ಯಾವ ಪಾಠಕ್ಕೆ ಮೇಷ್ಟ್ರಿಲ್ಲ ಅಂತ ಕೇಳಿ, ಮೇಷ್ಟ್ರು ಬೇಕು ಅಂತ ಅರ್ಜಿ ಕೊಡಿ. ಫೇಲಾದ ಮಗುವಿಗೆ ಮತ್ತೆ ಬರೆಯೋ ಅವಕಾಶ ಇದೆ, ಅದನ್ನ ತಪ್ಪಿಸಬೇಡಿ. ಕೇಳೋಕೆ ನಾಚಿಕೆ ಬೇಡ, ಹೆದರಿಕೆಯೂ ಬೇಡ. ಅದು ನಿಮ್ಮ ಮಕ್ಕಳ ಶಾಲೆ. ಅಲ್ಲಿರೋದೆಲ್ಲ ನಿಮ್ಮ ಮಕ್ಕಳಿಗೆ ಅಂತಲೇ ಬಂದಿರೋದು. ಮುಂದಿನ ಪೋಷಕರ ಸಭೆ ಯಾವತ್ತು ಅಂತ ಇವತ್ತೇ ನಿಮ್ಮ ಮಗುವನ್ನ ಕೇಳಿ. ಅವತ್ತು ಒಂದು ಗಂಟೆ ಕೆಲಸ ಬಿಟ್ಟು ಹೋಗಿ ಬನ್ನಿ.